ಎಣಿಸಿದ್ದು ಮೂರು ಕೂಗು

ಮ್ಯಾನೇಜರ್ ಬಾಯಿಂದ 'ಟಕ್' ಎಂದು ಸದ್ದು ಬಂತು.

ಊಟದ ಮೇಜಿನ ಸುತ್ತ ಕೂತಿದ್ದ ಎಲ್ಲರಿಗೂ ಅದು ಕೇಳಿಸಿತು. ಕೇಳಿಸಲೇ ಇಲ್ಲ ಎಂಬಂತೆ ಎಲ್ಲರೂ ಚಮಚವನ್ನು ಬಟ್ಟಲಿಗೆ ಇಳಿಸಿದರು. ಅಪ್ಪ ಮಾತ್ರ ನಕ್ಕರು. ನಗುವಂಥದ್ದು ಏನೂ ನಡೆದಿರಲಿಲ್ಲ. ತಮ್ಮ ಆಫೀಸಿನ ಮ್ಯಾನೇಜರ್ ಮನೆಯೊಳಗೆ ಕಾಲಿಟ್ಟಾಗಿನಿಂದ ಅಪ್ಪ ಸುಮ್ಮಸುಮ್ಮನೆ ನಗುತ್ತಲೇ ಇದ್ದರು.

'ಟಕ್.' ಇನ್ನೊಂದು ಸಲ.

ಮ್ಯಾನೇಜರ್ ಅಗಿಯುವುದನ್ನು ನಿಲ್ಲಿಸಿದರು. ಬಿಸಿ ತುಪ್ಪ ನುಂಗಲೂ ಆಗದೆ ಉಗುಳಲೂ ಆಗದೆ ಒದ್ದಾಡುತ್ತಾರಲ್ಲ, ಹಾಗಾಯಿತು ಅವರ ಮುಖ. ಕೊನೆಗೆ ಗುಳಕ್ಕನೆ ನುಂಗಿ, ಕೆನ್ನೆಯ ಮೇಲೆ ಕೈಯಿಟ್ಟುಕೊಂಡು, "ಹೊಟ್ಟೆ ತುಂಬಿಬಿಡ್ತು" ಎಂದರು. ಅವರ ಬಟ್ಟಲಿನಲ್ಲಿ ಕಾಳಿನ ಸೂಪು ಮುಕ್ಕಾಲು ಪಾಲು ಹಾಗೇ ಇತ್ತು. ಕೇಕನ್ನು ಮುಟ್ಟಲೂ ಇಲ್ಲ. ಹತ್ತೇ ನಿಮಿಷದಲ್ಲಿ ಶೂ ಹಾಕಿಕೊಂಡು ಹೊರಟುಹೋದರು.

ಬಾಗಿಲು ಮುಚ್ಚಿದ ಕೂಡಲೇ ಅಪ್ಪನ ನಗುವೂ ಮುಚ್ಚಿಕೊಂಡಿತು. ಅವರು ಬಂದು ಕೂತು ಒಂದು ಚಮಚ ಸೂಪು ಬಾಯಿಗಿಟ್ಟರು.

'ಟಕ್.'

"ಇದೇನು ಕಾಳಾ, ಕಲ್ಲಾ?" ಎಂದು ಕೇಳಿದರು ಅಪ್ಪ.

ಅಮ್ಮ ಒಂದು ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡಿದಳು. ಅವಳ ಮುಖ ಚಿಕ್ಕದಾಯಿತು. "ಮೂರು ಕೂಗು ಆಗಿತ್ತಲ್ಲ" ಎಂದಳು. ಇಬ್ಬರೂ ಮೇಜಿನ ಆ ತುದಿಯಲ್ಲಿ ಕೂತಿದ್ದ ಪಿಟೀಲಿನ ಕಡೆ ನೋಡಿದರು.

ಪಿಟೀಲು ಈ ಮನೆಯ ಒಬ್ಬಳೇ ಮಗಳು. ಐದನೇ ಕ್ಲಾಸು. ಬೆಳಗ್ಗೆ ಕಣ್ಣು ಬಿಟ್ಟಾಗ ಶುರುವಾದ ಮಾತು ಮಲಗುವವರೆಗೆ ನಿಲ್ಲುತ್ತಿರಲಿಲ್ಲ. "ಶುರುವಾಯ್ತು ನೋಡು, ಇವಳು ಪಿಟೀಲು ಕುಯ್ಯೋದು" ಎಂದು ಅತ್ತೆ ಒಮ್ಮೆ ಅಂದದ್ದು ಹೆಸರಾಗಿ ಅಂಟಿಕೊಂಡಿತ್ತು. ಈ ಪಿಟೀಲಿಗೆ ಮನೆಯಲ್ಲಿ ಒಂದು ನೌಕರಿಯೂ ಇತ್ತು. ಅದು ಕುಕ್ಕರ್ ಕೂಗು ಎಣಿಸುವ ನೌಕರಿ. ಅಕ್ಕಿಗೆ ಎರಡು, ಆಲೂಗೆಡ್ಡೆಗೆ ಎರಡು, ಕಾಳಿಗೆ ಮೂರು. ಸಂಬಳವಿಲ್ಲ, ರಜೆಯಿಲ್ಲ. ಎಲ್ಲಕ್ಕಿಂತ ಕಷ್ಟದ್ದೆಂದರೆ, ಎಣಿಸುವಾಗ ಮಾತಾಡುವ ಹಾಗಿಲ್ಲ.

"ಮೂರು ಕೂಗಿತಾ?" ಎಂದರು ಅಪ್ಪ.

"ಮೂರೂ ಕೂಗಿತು. ಕಿವಿಯಾರೆ ಕೇಳಿದೀನಿ. ಮೂರನೇದು ಆದ್ಮೇಲೇ ಆಫ್ ಮಾಡಿದ್ದು."

"ಅವಳು ಮೂರು ಅಂದ್ರೆ ಮೂರೇ" ಎಂದಳು ಅಮ್ಮ. ಅಮ್ಮ ಆಸ್ಪತ್ರೆಯಲ್ಲಿ ನರ್ಸ್. "ವಾರ್ಡಲ್ಲಿ ಒಬ್ಳು ಎಣಿಸಿ ಬರೆದಿದ್ದನ್ನ ನಂಬ್ಕೊಂಡೇ ಇನ್ನೊಬ್ಳು ಔಷಧಿ ಕೊಡೋದು. ಎಣಿಸಿದವರನ್ನ ನಂಬದಿದ್ರೆ ಕೆಲ್ಸಾನೇ ನಡೆಯಲ್ಲ. ಕಾಳು ನೆನೆಸಿದ್ದು ಸಾಲಲಿಲ್ವೇನೋ. ನಾನೂ ಗಡಿಬಿಡೀಲಿ ಸೂಪಿನ ಉಪ್ಪು ನೋಡಿದೆ, ಕಾಳು ಅಗಿದು ನೋಡಲಿಲ್ಲ. ನನ್ನದೇ ತಪ್ಪು."

"ಹಾಗಿದ್ರೆ ನಾಳೆ ಅವರಿಗೆ ಫೋನ್ ಮಾಡಿ ಸಾರಿ ಹೇಳು" ಎಂದರು ಅಪ್ಪ.

ಮ್ಯಾನೇಜರ್ ಇದ್ದದ್ದು ಅಪ್ಪನಿಗೆ. ಊಟಕ್ಕೆ ಕರೆದದ್ದೂ ಅಪ್ಪ. ಸಾರಿ ಕೇಳುವ ಕೆಲಸ ಮಾತ್ರ ಅಮ್ಮನ ಪಾಲಿಗೆ ಬಂತು. ಮರುದಿನ ಶನಿವಾರ ಬೆಳಗ್ಗೆ, ಡ್ಯೂಟಿಯ ಬಿಳಿ ಕೋಟು ಹಾಕಿಕೊಂಡು, ಅಮ್ಮ ಫೋನ್ ಮಾಡಿದಳು. "ನನ್ನ ತಪ್ಪು ಸರ್, ಕಾಳು ಬೆಂದಿರಲಿಲ್ಲ" ಎಂದಳು. ಆ ಕಡೆಯಿಂದ ಮ್ಯಾನೇಜರ್, "ಇಲ್ಲ ಇಲ್ಲ, ಹಾಗೇನಿಲ್ಲ, ಬಿಡಿ ಬಿಡಿ" ಎಂದು ಅವಸರದಲ್ಲಿ ಫೋನ್ ಇಟ್ಟುಬಿಟ್ಟರು.

"ನೋಡಿದ್ಯಾ, ಎಷ್ಟು ಕೋಪ ಬಂದಿದೆ" ಎಂದರು ಅಪ್ಪ.

ಅಂದು ಸಂಜೆ ಪಿಟೀಲು ಬಿಸ್ಕೆಟ್ ಡಬ್ಬ ಹುಡುಕಿಕೊಂಡು ಅಡುಗೆಮನೆಗೆ ಹೋದಳು. ಒಲೆ ಆರಿತ್ತು. ತೊಳೆದ ಕುಕ್ಕರು ಪಾತ್ರೆ ಸ್ಟ್ಯಾಂಡಿನ ಮೇಲೆ ಬೋರಲು ಬಿದ್ದಿತ್ತು. ಅವಳು ಮೊದಲನೆಯ ಬಿಸ್ಕೆಟ್ ಬಾಯಿಗಿಡುವಾಗ ಕುಕ್ಕರು ಕೂಗಿತು.

'ಕೀಂ!'

ಪಿಟೀಲು ಬೆಚ್ಚಿಬಿದ್ದಳು. ಹೋಗಿ ಕುಕ್ಕರನ್ನು ಮುಟ್ಟಿ ನೋಡಿದಳು. ತಣ್ಣಗಿತ್ತು. ಎತ್ತಿ ಒಳಗೆ ಇಣುಕಿದಳು. ಖಾಲಿ. ಆಗ ಇನ್ನೊಂದು ಸಲ 'ಕೀಂ' ಎಂದಿತು. ಸದ್ದು ಬಂದದ್ದು ಒಲೆಯ ಮೇಲಿದ್ದ ಕಿಟಕಿಯಿಂದ. ಕಿಟಕಿಯ ಆಚೆ ಒಂದೇ ಮಾರು ದೂರದಲ್ಲಿ ಪಕ್ಕದ ಮನೆಯ ಅಡುಗೆಮನೆ ಇತ್ತು.

ಅವಳ ಕೈಯಲ್ಲಿದ್ದ ಬಿಸ್ಕೆಟ್ ಅಲ್ಲೇ ನಿಂತಿತು. ನಿನ್ನೆ ಅಮ್ಮ, "ಬಟ್ಟೆ ಬದಲಾಯಿಸ್ಕೊಂಡು ಬರ್ತೀನಿ, ಮೂರು ಕೂಗಿದ್ಮೇಲೆ ಆಫ್ ಮಾಡು" ಎಂದು ಹೇಳಿ ಹೋಗಿದ್ದಳು. ಪಿಟೀಲು ಹಾಲಿನ ಸೋಫಾದ ಮೇಲೆ ಬಿದ್ದುಕೊಂಡು, ಸ್ಕೂಲ್ ಬಸ್ಸಿನಲ್ಲಿ ನಡೆದ ಜಗಳವನ್ನು ಗೆಳತಿಗೆ ಫೋನಿನಲ್ಲಿ ಹೇಳುತ್ತಿದ್ದಳು. ಜಗಳ ಉದ್ದವಾಗಿತ್ತು. ನಡುನಡುವೆ ಕೂಗು ಕೇಳಿಸಿತ್ತು. ಒಂದು, ಎರಡು, ಮೂರು. ಎದ್ದು ಹೋಗಿ ಗ್ಯಾಸ್ ಆರಿಸಿ ಬಂದು ಜಗಳವನ್ನು ಮುಂದುವರಿಸಿದ್ದಳು.

ಪಕ್ಕದ ಮನೆಯವರದು ಪುಟಾಣಿ ಕುಕ್ಕರು, ಬೇಗ ಕೂಗುತ್ತದೆ. ನಿನ್ನೆ ಅತಿಥಿಗೆಂದು ಇವರ ಕುಕ್ಕರಿನಲ್ಲಿ ಹೆಚ್ಚು ಕಾಳು ಹಾಕಿದ್ದರು, ಅದಕ್ಕೆ ಇನ್ನೂ ಆವಿಯೇ ಕಟ್ಟಿರಲಿಲ್ಲ. ಅದೂ ಅಲ್ಲದೆ ಇವರ ಮನೆಯ ಹಳೇ ಕುಕ್ಕರು 'ಕೀಂ' ಎನ್ನುವ ಜಾತಿಯೇ ಅಲ್ಲ. ಅದು ಮೊದಲು ತಾತನ ಹಾಗೆ 'ಖೊರ್, ಖೊರ್' ಎಂದು ಎರಡು ಸಲ ಕೆಮ್ಮಿ, ಆಮೇಲೆ 'ಸ್ಸೂಂ' ಎಂದು ಕೂಗುತ್ತದೆ. ಕಿವಿಗೊಟ್ಟಿದ್ದರೆ ಯಾರಿಗಾದರೂ ಗೊತ್ತಾಗುತ್ತಿತ್ತು. ಅವಳು ಎಣಿಸಿದ್ದೇನೋ ಸರಿಯಾಗಿಯೇ ಇತ್ತು, ಎಣಿಸಿದ ಕುಕ್ಕರು ಮಾತ್ರ ಬೇರೆಯವರದು.

ಹೇಳಿಬಿಡೋಣ ಎಂದು ಪಿಟೀಲು ಹಾಲಿಗೆ ಓಡಿದಳು. ಅಲ್ಲಿ ಅಪ್ಪ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಅಮ್ಮನಿಗೆ ಹೇಳುತ್ತಿದ್ದರು.

"ಆ ಹಳೇ ಡಬ್ಬ ಸಾಕಿನ್ನು. ಮಲ್ಟಿಕುಕ್ಕರ್ ತಗೊಳ್ಳೋಣ. ಅದು ಕೂಗೋದೇ ಇಲ್ಲ. ತಾನೇ ಆನ್, ತಾನೇ ಆಫ್. ಯಾರೂ ಎಣಿಸ್ಬೇಕಾಗಿಲ್ಲ."

ಯಾರೂ ಎಣಿಸಬೇಕಾಗಿಲ್ಲ. ಆ ಮಾತು ಪಿಟೀಲಿನ ಕಿವಿಗೆ ಬಹಳ ಸಿಹಿಯಾಗಿ ಬಿತ್ತು. ಬಾಯಿಗೆ ಬಂದಿದ್ದನ್ನು ಅವಳು ಬಿಸ್ಕೆಟ್ಟಿನ ಜೊತೆ ನುಂಗಿಬಿಟ್ಟಳು.

ಭಾನುವಾರ ಅತ್ತೆ ಬಂದರು. ಅವರು ಅಪ್ಪನ ಅಕ್ಕ, ಲೈಬ್ರರಿಯಲ್ಲಿ ಕೆಲಸ. ಮೂವತ್ತು ವರ್ಷ ಜನರ ಬಾಯಿ ಮುಚ್ಚಿಸಿ ಅವರಿಗೆ ಸದ್ದೆಂದರೆ ಆಗುತ್ತಿರಲಿಲ್ಲ.

"ಮಲ್ಟಿಕುಕ್ಕರ್ ಅಂತೆ, ಮಣ್ಣಂತೆ" ಎಂದರು ಅತ್ತೆ. "ಅದೂ ಟೊಂಯ್ ಟೊಂಯ್ ಅನ್ನುತ್ತೆ. ಸ್ಲೋ ಕುಕ್ಕರ್ ತಗೋ. ಎಂಟು ಗಂಟೆ ಬೇಯುತ್ತೆ, ಒಂದು ಪಿಸುಮಾತೂ ಇಲ್ಲ."

"ಎಂಟು ಗಂಟೆ ಕಾಯೋಕೆ ನಾವೇನು ಮೊಟ್ಟೆ ಮೇಲೆ ಕೂತಿರೋ ಕೋಳಿನಾ ಅಕ್ಕ? ಇದರಲ್ಲಿ ಹದಿನಾಲ್ಕು ಗುಂಡಿ ಇದೆ. ಅನ್ನಕ್ಕೆ ಬೇರೆ, ಸೂಪಿಗೆ ಬೇರೆ, ಕೇಕಿಗೆ ಬೇರೆ."

"ಹದಿನಾಲ್ಕು ಗುಂಡೀನಾ?" ಎಂದಳು ಅಮ್ಮ. "ಮೊದಲು ಯಾವುದರಲ್ಲಿ ಬೀಳೋದು?"

ಅಪ್ಪ ಅದನ್ನು ಕೇಳಿಸಿಕೊಳ್ಳಲಿಲ್ಲ. ಅಡುಗೆಮನೆಯಲ್ಲಿ ಅಪ್ಪನಿಗೆ ಇಷ್ಟು ವರ್ಷ ಗೊತ್ತಿದ್ದ ಒಂದೇ ಗುಂಡಿ ಲೈಟಿನದು. ಅತ್ತೆಗೆ ಅದೂ ಗೊತ್ತಿರಲಿಲ್ಲ, ಅವರ ಊಟ ಲೈಬ್ರರಿಯ ಕ್ಯಾಂಟೀನಿನಲ್ಲಿ. ಆದರೆ ಯಾವ ಕುಕ್ಕರು ಒಳ್ಳೆಯದು ಎಂದು ಇಬ್ಬರೂ ಅಂಗಡಿ ತಲುಪುವವರೆಗೆ ದಾರಿಯುದ್ದಕ್ಕೂ ಜಗಳವಾಡಿದರು.

ಅಂಗಡಿಯ ಸೇಲ್ಸ್‌ಮನ್ ಟೈ ಕಟ್ಟಿಕೊಂಡು ಕಾಯುತ್ತಿದ್ದ. ಅವನಿಗೆ ಒಂದೇ ಉತ್ತರ ಬರುತ್ತಿತ್ತು.

"ಇದರಲ್ಲಿ ಅನ್ನ ಆಗುತ್ತಾ?"

"ಅದೂ ಆಗುತ್ತೆ ಸರ್."

"ಮೊಸರು ಹೆಪ್ಪಾಗುತ್ತಾ?"

"ಅದೂ ಆಗುತ್ತೆ ಸರ್."

"ಹೋಮ್‌ವರ್ಕ್?" ಎಂದಳು ಪಿಟೀಲು.

"ಅದೂ ಆಗು... ಇಲ್ಲ ಪಾಪು."

ಅಮ್ಮ ಇಷ್ಟು ಹೊತ್ತು ಬಾಯಿ ಬಿಟ್ಟಿರಲಿಲ್ಲ. ಈಗ ಮುಂದೆ ಬಂದು ಕೇಳಿದಳು. "ನಾನು ಡ್ಯೂಟಿ ಮುಗಿಸಿ ಮನೆ ಸೇರೋದು ಆರೂವರೆಗೆ. ಏಳೂ ಕಾಲಿಗೆ ಎಲ್ಲರ ತಟ್ಟೇಲೂ ಊಟ ಇರ್ಬೇಕು. ಯಾವುದರಲ್ಲಿ ಆಗುತ್ತೆ?"

ಸೇಲ್ಸ್‌ಮನ್ ಮೊದಲ ಸಲ ತಲೆ ಕೆರೆದುಕೊಂಡ. "ಡೆಮೋ ವಿಡಿಯೋ ಇದೆ ಮೇಡಂ" ಎಂದ.

ಕೊನೆಗೆ ಅಪ್ಪ ಮಲ್ಟಿಕುಕ್ಕರ್ ಕೊಂಡರು. ಸೋಲೊಪ್ಪದ ಅತ್ತೆ, ಸ್ಲೋ ಕುಕ್ಕರ್ ಕೊಂಡು ತಮ್ಮನ ಮನೆಗೆ ಗಿಫ್ಟ್ ಕೊಟ್ಟರು. ಹಳೇ ಕುಕ್ಕರು ಅಟ್ಟ ಸೇರಿತು. ಮುಂದಿನ ಭಾನುವಾರ ಅದನ್ನು ಗುಜರಿಗೆ ಹಾಕುವುದೆಂದು ಅಪ್ಪ ತೀರ್ಮಾನಿಸಿದರು. ಆ ಕುಕ್ಕರು ಅಮ್ಮನ ಮೊದಲ ತಿಂಗಳ ಸಂಬಳದಲ್ಲಿ ಬಂದದ್ದು.

ಸೋಮವಾರ ಸಂಜೆ ಅಪ್ಪ ಅಂಗಿಯ ತೋಳು ಮಡಚಿಕೊಂಡು ಅಡುಗೆಮನೆಗೆ ನುಗ್ಗಿದರು. ಮಲ್ಟಿಕುಕ್ಕರಿನ ಪುಸ್ತಕ ಹನ್ನೊಂದು ಭಾಷೆಯಲ್ಲಿತ್ತು, ಅಪ್ಪನ ಭಾಷೆಯೊಂದನ್ನು ಬಿಟ್ಟು. 'ಇಪ್ಪತ್ತು ನಿಮಿಷ' ಎಂದು ಒತ್ತಿದರು. ಆವಿ ಕಟ್ಟಿದ ಮೇಲೆ ಆ ಇಪ್ಪತ್ತು ನಿಮಿಷ ಶುರುವಾಗುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಕೆಟ್ಟುಹೋಯಿತೆಂದುಕೊಂಡು ಇನ್ನೊಂದು ಗುಂಡಿ ಒತ್ತಿದರು. ಮತ್ತೊಂದನ್ನೂ ಒತ್ತಿದರು. ಅದು 'ಟೊಂಯ್' ಎಂದು ಅತ್ತಿತು. ಎಂಟು ಗಂಟೆ ದಾಟಿದ ಮೇಲೆ ಮುಚ್ಚಳ ತೆಗೆದರೆ, ಕಾಳು ಯಾವುದು ನೀರು ಯಾವುದು ಎಂದು ಗುರುತೇ ಸಿಗಲಿಲ್ಲ.

"ಸಾಫ್ಟ್ ಆಗಿದೆ ನೋಡಿ" ಎಂದರು ಅಪ್ಪ. ಹೊಟ್ಟೆ ತಾಳ ಹಾಕುತ್ತಿದ್ದದ್ದರಿಂದ ಯಾರೂ ಮಾತು ಬೆಳೆಸಲಿಲ್ಲ.

ಮಂಗಳವಾರ ಸ್ಲೋ ಕುಕ್ಕರಿನ ಸರದಿ. ಸಂಜೆಗೆ ಬೇಯಬೇಕಾದರೆ ಬೆಳಗ್ಗೆಯೇ ಹಾಕಬೇಕಿತ್ತು. "ಬೆಳಗ್ಗೆ ಯಾರು ಹಾಕೋದು?" ಎಂದು ಕೇಳಿದ ಅಪ್ಪ ಅಮ್ಮನ ಮುಖ ನೋಡಿದರು. ಅಮ್ಮ ಐದಕ್ಕೇ ಎದ್ದು ತರಕಾರಿ ಹೆಚ್ಚಿ ಹಾಕಿ ಹೋದಳು. ಸುಳ್ಳು ಹೇಳಬಾರದು, ಆ ಸಂಜೆಯ ಊಟ ಬಹಳ ಚೆನ್ನಾಗಿತ್ತು. ಬುಧವಾರ ಅಮ್ಮನಿಗೆ ಏಳಲಾಗಲಿಲ್ಲ, ಬೇರೆ ಯಾರೂ ಏಳಲಿಲ್ಲ. ಖಾಲಿ ಕುಕ್ಕರು ಎಷ್ಟು ನಿಧಾನವಾಗಿ ಬೇಯಿಸಿದರೂ ಖಾಲಿಯೇ. ಅಂದು ಎಲ್ಲರೂ ಬ್ರೆಡ್ ತಿಂದರು.

ಇದೆಲ್ಲ ನೋಡಿ ಪಿಟೀಲು ಹೊಟ್ಟೆ ಹುಣ್ಣಾಗುವಂತೆ ನಗಬೇಕಿತ್ತು. ಆದರೆ ಅಮ್ಮನನ್ನು ನೋಡಿದರೆ ನಗು ಬರುತ್ತಿರಲಿಲ್ಲ. ಅಮ್ಮನಿಗೆ ಒಂದು ಹೊಸ ಅಭ್ಯಾಸ ಅಂಟಿಕೊಂಡಿತ್ತು. ಏನೇ ಮಾಡಿದರೂ ಬಡಿಸುವ ಮೊದಲು ಕಚ್ಚಿ ನೋಡುವಳು. ಒಂದು ಸಲವಲ್ಲ, ಮೂರು ಸಲ. ಆಮೇಲೆ ಚಮಚವನ್ನು ಪಿಟೀಲಿನ ಬಾಯಿಗೂ ಹಿಡಿದು, "ಬೆಂದಿದ್ಯಾ ನೋಡೇ, ನಂಗೆ ಗೊತ್ತಾಗ್ತಿಲ್ಲ" ಎನ್ನುವಳು.

ಶುಕ್ರವಾರ ಊಟದ ಹೊತ್ತಿಗೆ ಅಮ್ಮ ತನ್ನಷ್ಟಕ್ಕೆ ಹೇಳಿಕೊಂಡಳು. "ಇವತ್ತು ವಾರ್ಡಲ್ಲೂ ಮಾತ್ರೆ ಎರಡೆರಡು ಸಲ ಎಣಿಸಿದೆ. ಕೈ ಮೇಲೆ ನಂಬಿಕೇನೇ ಹೋಗಿದೆ. ವಯಸ್ಸಾಯ್ತೇನೋ."

"ಯಾರಿಗೂ ಏನೂ ಆಗಿಲ್ಲ" ಎಂದಳು ಪಿಟೀಲು ಥಟ್ಟನೆ. "ನಾನೇನೂ ಮಾಡಿಲ್ಲ."

"ನೀನು ಮಾಡಿದೆ ಅಂತ ಯಾರು ಹೇಳಿದ್ರು?" ಎಂದು ಅಪ್ಪ ಹುಬ್ಬೇರಿಸಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಪಿಟೀಲು ತಲೆ ತಗ್ಗಿಸಿ ಉಂಡಳು. ಅಂದು ಅವಳ ಬಾಯಿಂದ ಬೇರೆ ಮಾತೇ ಹೊರಡಲಿಲ್ಲ. ಜ್ವರವಿರಬಹುದೆಂದು ಅಮ್ಮ ಹಣೆ ಮುಟ್ಟಿ ನೋಡಿದಳು. ಆ ಕೈ ತಣ್ಣಗಿತ್ತು, ಮೆತ್ತಗಿತ್ತು. ಪಿಟೀಲಿಗೆ ಅಳು ಬಂತು.

ಭಾನುವಾರ ಗುಜರಿಯವನು ಬಂದ. ಹಳೇ ಕುಕ್ಕರನ್ನು ಚೀಲಕ್ಕೆ ಹಾಕಿ ಬಾಗಿಲ ಬಳಿ ಇಟ್ಟಿದ್ದರು. ಅಪ್ಪ ಪೇಪರ್ ಓದುತ್ತಿದ್ದರು. ತಮ್ಮ ಸ್ಲೋ ಕುಕ್ಕರಿನ ಕ್ಷೇಮ ವಿಚಾರಿಸಲು ಬಂದಿದ್ದ ಅತ್ತೆ ಚಹಾ ಕುಡಿಯುತ್ತಿದ್ದರು. ಗುಜರಿಯವನು ಚೀಲ ಎತ್ತಿಕೊಂಡ.

'ಕೀಂ!'

"ಒಂದಾಯ್ತು" ಎಂದರು ಅಪ್ಪ, ಪೇಪರಿನಿಂದ ತಲೆಯೆತ್ತದೆ. ಎಷ್ಟೋ ವರ್ಷದ ಅಭ್ಯಾಸ.

'ಕೀಂ!'

"ಎರಡು" ಎಂದರು ಅತ್ತೆ. "ಯಾರಾದ್ರೂ ಆ ದರಿದ್ರದ್ದನ್ನ ಆಫ್ ಮಾಡಿ."

ಆಮೇಲೆ ಇಬ್ಬರೂ ನಿಧಾನವಾಗಿ ತಲೆಯೆತ್ತಿದರು. ಎಲ್ಲರ ಕಣ್ಣೂ ಗುಜರಿಯವನ ಚೀಲದ ಮೇಲೆ ನಿಂತಿತು. ಅವನು ಚೀಲವನ್ನು ಮೈಯಿಂದ ದೂರ ಹಿಡಿದುಕೊಂಡು, "ಇದರೊಳಗೆ ಏನಾದ್ರೂ ಇದೆಯಾ ಸರ್?" ಎಂದ.

"ಅದು ಪಕ್ಕದ ಮನೇದು" ಎಂದಳು ಪಿಟೀಲು.

ಅಲ್ಲಿಗೇ ನಿಲ್ಲಿಸಲಿಲ್ಲ. "ಅವತ್ತೂ ಪಕ್ಕದ ಮನೇದೇ ಕೂಗಿದ್ದು. ನಾನು ಫೋನಲ್ಲಿ ಮಾತಾಡ್ತಾ ಅದನ್ನೇ ಎಣಿಸಿದೆ. ನಮ್ಮದು ಒಂದು ಸಲಾನೂ ಕೂಗಿರಲಿಲ್ಲ. ಕುಕ್ಕರ್ ತಪ್ಪಲ್ಲ. ಅಮ್ಮಂದೂ ತಪ್ಪಲ್ಲ. ನಂಗೆ ಮರುದಿನಾನೇ ಗೊತ್ತಾಯ್ತು."

ಅಮ್ಮ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತಳು.

"ಹಾಗಾದ್ರೆ ನಾನು ಸರಿಯಾಗೇ ನೆನೆಸಿದ್ದೆ" ಎಂದಳು. ಆಮೇಲೆ ಕೇಳಿದಳು. "ಗೊತ್ತಾದ್ಮೇಲೂ ಯಾಕೆ ಹೇಳಲಿಲ್ಲ?"

"ಹೊಸದು ಬಂದ್ರೆ ಎಣಿಸೋದು ತಪ್ಪುತ್ತೆ ಅಂತ."

ಅಮ್ಮ ಬೈಯಲಿಲ್ಲ. ಎದ್ದು ಹೋಗಿ ಗುಜರಿಯವನ ಕೈಯಿಂದ ಚೀಲ ತೆಗೆದುಕೊಂಡು ಒಳಗೆ ನಡೆದಳು. ಪಾಪ, ಬಂದವನು ಬರಿಗೈಲಿ ಹೋಗಬಾರದೆಂದು ಅಪ್ಪ ಮಲ್ಟಿಕುಕ್ಕರಿನ ರಟ್ಟಿನ ಡಬ್ಬ ಕೊಟ್ಟು ಕಳಿಸಿದರು.

ಪಿಟೀಲು ಫೋನ್ ತೆಗೆದುಕೊಂಡಳು. ಅಪ್ಪ "ಬೇಡ, ಬೇಡ" ಎನ್ನುವಷ್ಟರಲ್ಲಿ ಮ್ಯಾನೇಜರಿಗೆ ಎಲ್ಲ ಹೇಳಿ ಮುಗಿಸಿದ್ದಳು.

"ನಿಜವಾಗ್ಲೂ ಕಾಳೇನಮ್ಮ ಅದು?" ಎಂದರು ಮ್ಯಾನೇಜರ್. "ನಂದು ಹೊಸ ಹಲ್ಲು ಸೆಟ್ಟು. ಅದೇ ಸಡಿಲ ಆಗಿ ಟಕಟಕ ಅಂತಿದೆ ಅಂದ್ಕೊಂಡೆ. ನನ್ನ ಮರ್ಯಾದೆ ಉಳಿಸೋಕೆ ನಿಮ್ಮಮ್ಮ ತಪ್ಪನ್ನ ಕಾಳಿನ ಮೇಲೆ ಹಾಕಿದ್ರು ಅಂದ್ಕೊಂಡೆ. ವಾರದಿಂದ ಡೆಂಟಿಸ್ಟ್ ಹತ್ರ ಓಡಾಡ್ತಿದ್ದೀನಿ. ನಿಮ್ಮಪ್ಪನಿಗೆ ಮುಖ ತೋರಿಸೋಕೂ ನಾಚಿಕೆ ಆಗ್ತಿತ್ತು."

ಫೋನ್ ಸ್ಪೀಕರಿನಲ್ಲಿತ್ತು. ಅಪ್ಪ ಇಂಗು ತಿಂದ ಮಂಗನ ಹಾಗೆ ನಿಂತಿದ್ದರು. ಅವರು ಅಮ್ಮನಿಗೆ ಸಾರಿ ಹೇಳಿದರೋ ಇಲ್ಲವೋ ಪಿಟೀಲಿಗೆ ಕೇಳಿಸಲಿಲ್ಲ. ಆದರೆ ಅಂದು ಊಟವಾದ ಮೇಲೆ ಪಾತ್ರೆ ತೊಳೆದದ್ದು ಅಪ್ಪ.

ಮಲ್ಟಿಕುಕ್ಕರನ್ನು ಏಳು ದಿನದೊಳಗೆ ವಾಪಸ್ ಕೊಡಬಹುದಿತ್ತು. ಅಪ್ಪನಿಗೆ ನೆನಪಾದದ್ದು ಎಂಟನೆಯ ದಿನ. ಅದರಲ್ಲಿ ಟೈಮ್ ಕಾಣುತ್ತದೆ, ಹಾಗಾಗಿ ಅದೀಗ ಅಡುಗೆಮನೆಯ ಗಡಿಯಾರ. ಸ್ಲೋ ಕುಕ್ಕರು ಅಮ್ಮನಿಗೆ ರಜೆ ಇದ್ದ ದಿನ ಕೆಲಸ ಮಾಡುತ್ತದೆ. ಉಳಿದ ದಿನ ಅದರಲ್ಲಿ ಈರುಳ್ಳಿ ಇರುತ್ತದೆ.

ಹಳೇ ಕುಕ್ಕರು ಒಲೆಗೆ ಮರಳಿತು. ಅಮ್ಮ ಕಚ್ಚಿ ನೋಡುವುದನ್ನು ಬಿಟ್ಟಳು. ಆದರೆ ಈಗ ಕುಕ್ಕರ್ ಇಟ್ಟರೆ ಅಡುಗೆಮನೆ ಬಿಟ್ಟು ಕದಲುತ್ತಿರಲಿಲ್ಲ. ಬಟ್ಟೆ ಬದಲಿಸದೆ, ಮುಖ ತೊಳೆಯದೆ, ನೋಯುವ ಕಾಲಲ್ಲಿ ನಿಂತು ತಾನೇ ಎಣಿಸುತ್ತಿದ್ದಳು. ಪಿಟೀಲನ್ನು ಕರೆಯುತ್ತಿರಲಿಲ್ಲ.

ಪಿಟೀಲಿಗೆ ಬೇಕಾಗಿದ್ದೂ ಅದೇ ತಾನೆ? ನೌಕರಿ ಹೋಗಿತ್ತು. ಎಷ್ಟು ಬೇಕಾದರೂ ಮಾತಾಡಬಹುದಿತ್ತು. ಅವಳು ಸೋಫಾದ ಮೇಲೆ ಕೂತು ಗೆಳತಿಗೆ ಫೋನ್ ಮಾಡಿದಳು. ಆದರೆ ಕಿವಿಯೆಲ್ಲ ಅಡುಗೆಮನೆಯ ಕಡೆಗೇ ಇತ್ತು. ಅಮ್ಮ ಬೈದಿದ್ದರೆ ಚೆನ್ನಾಗಿರುತ್ತಿತ್ತು ಎನಿಸಿತು.

ಐದನೆಯ ದಿನ ಸಂಜೆ ಆಸ್ಪತ್ರೆಯಿಂದ ಅಮ್ಮನಿಗೆ ಫೋನ್ ಬಂತು. ಏನೋ ಅವಸರದ ಮಾತು. ಅಮ್ಮ ಒಲೆಯ ಮೇಲಿನ ಕುಕ್ಕರನ್ನು ನೋಡಿದಳು, ಬಾಗಿಲಲ್ಲಿ ನಿಂತಿದ್ದ ಮಗಳನ್ನೂ ನೋಡಿದಳು.

"ಕಾಳು ಇಟ್ಟಿದೀನಿ" ಎಂದಳು. "ಎಣಿಸ್ತೀಯಾ?"

ಪಿಟೀಲು ತಲೆಯಾಡಿಸಿದಳು. ಅಮ್ಮ ಫೋನ್ ಹಿಡಿದುಕೊಂಡು ಒಳಗಿನ ಕೋಣೆಗೆ ಹೋದಳು, ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲ.

ಪಿಟೀಲು ಒಲೆಯ ಮುಂದೆ ಹೋಗಿ ನಿಂತಳು. ಕಿಟಕಿಯಿಂದ 'ಕೀಂ' ಎಂದಿತು. ಅವಳು ಸುಮ್ಮನಿದ್ದಳು. ಇನ್ನೊಂದು ಸಲ 'ಕೀಂ' ಎಂದಿತು, ಮತ್ತೊಂದು ಸಲವೂ. ಹಾಲಿನಲ್ಲಿ ಫೋನ್ ರಿಂಗಾಗುತ್ತಿತ್ತು, ಗೆಳತಿಯದೇ ಇರಬೇಕು. ಅವಳು ಹೋಗಲಿಲ್ಲ.

ಬಹಳ ಹೊತ್ತಿನ ಮೇಲೆ ಹಳೇ ಕುಕ್ಕರು 'ಖೊರ್, ಖೊರ್' ಎಂದು ಕೆಮ್ಮಿತು. ಆಮೇಲೆ 'ಸ್ಸೂಂ' ಎಂದು ಕೂಗಿತು.

"ಒಂದು" ಎಂದಳು ಪಿಟೀಲು, ಒಳಗಿನ ಕೋಣೆಗೆ ಕೇಳಿಸುವ ಹಾಗೆ.